ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಸಮುದ್ರ ಯುದ್ಧ ಕಲಿಸಿದವರು

ನಮ್ಮ ಕೊಲ್ಹಾರಕ್ಕೆ ನೀರು ಹೊಸದಲ್ಲ. ಪಕ್ಕದಲ್ಲೇ ಕೃಷ್ಣೆ, ಕಣ್ಣು ಹಾಯಿಸಿದಷ್ಟು ದೂರ ಆಲಮಟ್ಟಿ ಹಿನ್ನೀರು. ಹಳೇ ಊರನ್ನು ಆ ನೀರಿಗೆ ಬಿಟ್ಟುಕೊಟ್ಟು ಮೇಲೆ ಬಂದು ನೆಲೆಸಿದ ಜನ ನಾವು. ಆದರೆ ಸಮುದ್ರ ಮಾತ್ರ ನಮಗೆ ದೂರದ ಮಾತು.

ಹಾಗಿದ್ದರೂ ಸಮುದ್ರಕ್ಕೆ ಹೋಗುವ ಕನಸು ಕಾಣುವ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ವಿಜಯಪುರದ ಸೈನಿಕ ಶಾಲೆ 1963ರಿಂದ ಮಕ್ಕಳನ್ನು ಸೇನೆಗೆ ತಯಾರು ಮಾಡುತ್ತಿದೆ. 2005ರಲ್ಲಿ ಕಾರವಾರದಲ್ಲಿ ನೌಕಾನೆಲೆ ಶುರುವಾಯಿತು. ಅದಕ್ಕೆ ಇಟ್ಟ ಹೆಸರು ಐಎನ್‌ಎಸ್ ಕದಂಬ, ಅಂದರೆ ನಮ್ಮದೇ ಕನ್ನಡ ಅರಸು ಮನೆತನದ ಹೆಸರು. ಈಗ ಅಗ್ನಿವೀರ ಅರ್ಜಿ ತುಂಬುವ ಹುಡುಗ ಹುಡುಗಿಯರೂ ನೌಕಾಪಡೆಯ ಬಗ್ಗೆ ವಿಚಾರಿಸುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಸಮುದ್ರದ ಮೇಲೆ ಯುದ್ಧ ಮಾಡುವುದನ್ನು ಹೇಗೆ ಕಲಿಸುತ್ತಾರೆ? ಟ್ರ್ಯಾಕ್ಟರ್ ಕಲಿಯುವವನು ಬದುವಿಗೆ ಗುದ್ದಿದರೆ ಬಂಪರ್ ಹೋಗುತ್ತದೆ, ಅಷ್ಟೇ. ಹಡಗಿನಲ್ಲಿ ತಪ್ಪಾದರೆ ನೂರಾರು ಜೀವ ಹೋಗುತ್ತವೆ. ತಾಲೀಮಿಗೆ ಬಾ ಎಂದರೆ ಶತ್ರು ಬರುವುದಿಲ್ಲ.

ಇದಕ್ಕೆ ಜಗತ್ತಿನ ನೌಕಾಪಡೆಗಳು ಕಂಡುಕೊಂಡ ಉತ್ತರ ಕೇಳಿದರೆ ನಗು ಬರಬಹುದು. ಅದು ಆಟ. ಮೇಜಿನ ಮೇಲೋ ನೆಲದ ಮೇಲೋ ಗೆರೆ ಎಳೆದು, ಸಣ್ಣ ಸಣ್ಣ ಹಡಗು ಇಟ್ಟು, ದಾಳ ಉರುಳಿಸಿ ಆಡುವ ಆಟ. ಆ ಆಟದ ಕಥೆಯೇ ಈ ಲೇಖನ.

ಕಟ್ಟೆಯ ಮೇಲಿಂದ ಸೇನೆಯ ಮೇಜಿಗೆ

ಯುದ್ಧದ ಆಟ ನಮಗೆ ಹೊರಗಿನದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಸೇನೆಯಿಂದಲೇ ಚತುರಂಗ ಎಂಬ ಹೆಸರು ಬಂತು. ಭಾರತದ ಆ ಆಟವೇ ಪರ್ಷಿಯಾ, ಅರಬ್ ನಾಡುಗಳನ್ನು ಹಾದು ಯುರೋಪಿಗೆ ಹೋಗಿ ಚೆಸ್ ಆಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿ ಹೊಸ ಹೊಸ ಮಣೆಯಾಟಗಳನ್ನು ತಾವೇ ರೂಪಿಸಿದರು. ಅಂಥ ಆಟದ ಮಣೆಗಳ ಚಿತ್ರ ಜಗನ್ಮೋಹನ ಅರಮನೆಯ ಗೋಡೆ ಮೇಲೆ ಇಂದಿಗೂ ಇವೆ.

ನಮ್ಮ ಹಳ್ಳಿಗಳ ಹುಲಿ-ಆಡಿನ ಆಟವನ್ನೇ ನೋಡಿ. ಗುಡಿಯ ಹಾಸುಗಲ್ಲಿನ ಮೇಲೆ ಆ ಮಣೆ ಕೆತ್ತಿದ್ದನ್ನು ಹಲವರು ನೋಡಿರುತ್ತೀರಿ. ಹುಲಿ ಕಡಿಮೆ, ಆದರೆ ಬಲ ಜಾಸ್ತಿ. ಆಡು ಬಹಳ, ಆದರೆ ಒಂದೊಂದೇ ಸಿಕ್ಕರೆ ಹುಲಿಯ ಬಾಯಿಗೆ. ಆಡುಗಳು ಒಟ್ಟಾಗಿ ನಿಂತು ಹುಲಿಯ ದಾರಿ ಕಟ್ಟಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ಮಣೆಯ ಆಟಕ್ಕೂ ನಿಜವಾದ ಯುದ್ಧಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಣೆಯ ಮೇಲೆ ಎದುರಾಳಿಯ ಕಾಯಿ ಎಲ್ಲಿದೆ ಎಂದು ಇಬ್ಬರಿಗೂ ಕಾಣುತ್ತದೆ. ಯುದ್ಧದಲ್ಲಿ ಕಾಣುವುದಿಲ್ಲ. ಇದನ್ನು ಸರಿಪಡಿಸಲು ಹೊರಟವರು ಪ್ರಷ್ಯಾದ, ಅಂದರೆ ಇಂದಿನ ಜರ್ಮನಿ ಕಡೆಯ, ರೈಸ್‌ವಿಟ್ಸ್ ಎಂಬ ತಂದೆ ಮಗ. ತಂದೆ 1812ರ ಹೊತ್ತಿಗೆ ಮೇಜಿನ ಮೇಲೆ ಗುಡ್ಡ, ಹೊಳೆ, ಊರು ಜೋಡಿಸಿ ಆಡುವ ಆಟವನ್ನು ರಾಜನಿಗೆ ಒಪ್ಪಿಸಿದ. ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ಅದಕ್ಕೆ ನಕ್ಷೆ, ದಾಳ, ನಿಯಮ ಕೊಟ್ಟ. ಎಲ್ಲಕ್ಕಿಂತ ಮುಖ್ಯವಾಗಿ ನಡುವೆ ಒಬ್ಬ ತೀರ್ಪುಗಾರನನ್ನು ಕೂರಿಸಿದ. ಯಾರಿಗೆ ಏನು ಕಾಣಬೇಕು, ಯಾರ ಗುಂಡು ತಾಗಿತು ಎಂಬುದನ್ನು ಹೇಳುವವನು ಆ ತೀರ್ಪುಗಾರ.

ಹಡಗು ಏರದವನು, ಒಂದು ಕಣ್ಣು ಹೋದವನು, ಪತ್ರಕರ್ತ

ಸಮುದ್ರ ಯುದ್ಧದ ಕಡೆಗೆ ಬಂದರೆ ಮೊದಲು ಹೇಳಬೇಕಾದ ಹೆಸರು ಸ್ಕಾಟ್ಲೆಂಡಿನ ಜಾನ್ ಕ್ಲರ್ಕ್. ಈತ ನೌಕಾಪಡೆಯವನಲ್ಲ, ವ್ಯಾಪಾರಿ. ಮರದ ಪುಟ್ಟ ಹಡಗುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಗಾಳಿ ಈ ಕಡೆಯಿಂದ ಬೀಸಿದರೆ ಯಾವ ಸಾಲು ಗೆಲ್ಲುತ್ತದೆ ಎಂದು ಸರಿಸಿ ಸರಿಸಿ ನೋಡುತ್ತಿದ್ದ. 1782ರಲ್ಲಿ ಆತನ ಪುಸ್ತಕದ ಮೊದಲ ಭಾಗ ಅಚ್ಚಾಯಿತು. ಹಡಗಿನ ಮೇಲೆ ಯುದ್ಧ ಮಾಡದ ಮನುಷ್ಯನ ಪುಸ್ತಕವನ್ನು ಬ್ರಿಟಿಷ್ ನೌಕಾಧಿಕಾರಿಗಳು ಓದಿದರು.

ಅಮೆರಿಕದ ನೌಕಾ ಯುದ್ಧ ಕಾಲೇಜು ನ್ಯೂಪೋರ್ಟ್ ಎಂಬ ಊರಿನಲ್ಲಿ 1884ರಲ್ಲಿ ಶುರುವಾಯಿತು. ಅಲ್ಲಿಗೆ ಈ ಆಟ ತಂದವನು ವಿಲಿಯಂ ಮೆಕಾರ್ಟಿ ಲಿಟಲ್. ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಹೋಗಿ ನೌಕಾಪಡೆಯ ನೌಕರಿ ಬಿಡಬೇಕಾಗಿ ಬಂದಿದ್ದ ಅಧಿಕಾರಿ ಆತ. 1887ರಲ್ಲಿ ಕಾಲೇಜಿನಲ್ಲಿ ಆಟದ ಪಾಠ ಆರಂಭಿಸಿದ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅಲ್ಲಿ 300ಕ್ಕೂ ಹೆಚ್ಚು ಆಟಗಳು ನಡೆದವು. ಅವುಗಳಲ್ಲಿ ಬಹಳಷ್ಟರಲ್ಲಿ ಎದುರಾಳಿ ಜಪಾನ್. ಆ ಕಾಲೇಜಿನಲ್ಲಿ ಓದಿದ್ದ ಅಡ್ಮಿರಲ್ ನಿಮಿಟ್ಸ್, ಮುಂದೆ ಜಪಾನ್ ವಿರುದ್ಧ ಪೆಸಿಫಿಕ್ ಸಾಗರದ ಯುದ್ಧ ನಡೆಸಿದವರು. ವಿಮಾನವನ್ನೇ ಹಡಗಿಗೆ ಗುದ್ದಿಸುವ ಆತ್ಮಾಹುತಿ ದಾಳಿ ಒಂದನ್ನು ಬಿಟ್ಟರೆ ಉಳಿದದ್ದನ್ನೆಲ್ಲ ನಾವು ಮೊದಲೇ ಆಡಿ ನೋಡಿದ್ದೆವು ಎಂಬ ಅರ್ಥದ ಮಾತನ್ನು ಅವರು ಯುದ್ಧದ ನಂತರ ಹೇಳಿದರು.

ನಮ್ಮ ವೃತ್ತಿಯವನೂ ಒಬ್ಬ ಈ ಸಾಲಿನಲ್ಲಿದ್ದಾನೆ. ಇಂಗ್ಲೆಂಡಿನ ಫ್ರೆಡ್ ಜೇನ್ ಪತ್ರಕರ್ತ, ಚಿತ್ರಕಾರ. 1898ರಲ್ಲಿ ಜಗತ್ತಿನ ಎಲ್ಲ ಯುದ್ಧ ಹಡಗುಗಳ ಮಾಹಿತಿ ಪುಸ್ತಕ ಹೊರತಂದ. ಅದರ ಜತೆಗೇ ನೌಕಾ ಯುದ್ಧದ ಆಟವನ್ನೂ ಕೊಟ್ಟ. ಆ ಪುಸ್ತಕ ಅವನ ಹೆಸರಿನಲ್ಲೇ ಇವತ್ತಿಗೂ ಬರುತ್ತಿದೆ.

ಈ ಮೂವರನ್ನೂ ಒಟ್ಟಿಗೆ ನೋಡಿ. ಯಾರೂ ಹಡಗಿನ ಮೇಲೆ ನಿಂತು ಅಪ್ಪಣೆ ಕೊಡುವ ಸ್ಥಾನದಲ್ಲಿ ಇರಲಿಲ್ಲ. ಆಟದ ಮೇಜು ಹೊರಗಿನವರಿಗೂ ಮಾತಾಡಲು ಜಾಗ ಕೊಟ್ಟಿತು. ಇದರ ದೊಡ್ಡ ಉದಾಹರಣೆ ಮುಂದಿದೆ.

1942, ಲಿವರ್‌ಪೂಲ್: ಮುಳುಗುತ್ತಿದ್ದ ಹಡಗುಗಳು

ಎರಡನೇ ಮಹಾಯುದ್ಧ. ಬ್ರಿಟನ್ ಒಂದು ದ್ವೀಪ. ಗೋಧಿ, ಎಣ್ಣೆ, ಮದ್ದುಗುಂಡು ಎಲ್ಲ ಸಮುದ್ರದ ಮೇಲೆಯೇ ಬರಬೇಕು. ವ್ಯಾಪಾರಿ ಹಡಗುಗಳನ್ನು ಹತ್ತಾರು ಒಟ್ಟಿಗೆ ಸೇರಿಸಿ, ಸುತ್ತ ಕಾವಲು ಹಡಗು ಇಟ್ಟು, ಹಿಂಡಿನಂತೆ ಕಳಿಸುತ್ತಿದ್ದರು. ಅದಕ್ಕೆ ಕಾನ್ವಾಯ್ ಎನ್ನುತ್ತಾರೆ. ಜರ್ಮನಿಯ ಯು-ಬೋಟ್ ಎಂಬ ಜಲಾಂತರ್ಗಾಮಿಗಳು ರಾತ್ರಿ ಹೊತ್ತು ಬಂದು ಟಾರ್ಪಿಡೋ ಹೊಡೆದು ಮಾಯವಾಗುತ್ತಿದ್ದವು. ಹುಲಿ ಮತ್ತು ಆಡಿನ ಆಟವೇ, ಆದರೆ ಹುಲಿ ಕಾಣುವುದಿಲ್ಲ. ಅಟ್ಲಾಂಟಿಕ್ ಸಾಗರದ ಈ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 3,500 ವ್ಯಾಪಾರಿ ಹಡಗುಗಳು ತಳ ಸೇರಿದ್ದವು. ಬ್ರಿಟಿಷ್ ವ್ಯಾಪಾರಿ ಹಡಗುಗಳ ಇಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರಲ್ಲಿ ಸಾವಿರಾರು ಜನ ನಮ್ಮ ದೇಶದವರು. ಅವರನ್ನು ಲಾಸ್ಕರ್ ಎಂದು ಕರೆಯುತ್ತಿದ್ದರು. ಸತ್ತವರಲ್ಲಿ ಅವರೂ ಇದ್ದರು.

ಕಾವಲು ಹಡಗುಗಳ ಅಧಿಕಾರಿಗಳಲ್ಲಿ ಅನೇಕರು ಹೊಸಬರು. ಯುದ್ಧಕ್ಕೆ ಮುಂಚೆ ಬೇರೆ ಬೇರೆ ಕೆಲಸದಲ್ಲಿದ್ದವರು. ಪ್ರತಿ ಹಡಗಿನ ಕ್ಯಾಪ್ಟನ್ ತನಗೆ ತೋಚಿದಂತೆ ಮಾಡುತ್ತಿದ್ದ.

1942ರ ಜನವರಿಯಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯನ್ನು ಲಿವರ್‌ಪೂಲ್ ಬಂದರಿಗೆ ಕಳಿಸಿದರು. ಕ್ಷಯರೋಗ ಬಂದು 1938ರಲ್ಲಿ ನೌಕಾಪಡೆಯಿಂದ ಹೊರಬಿದ್ದಿದ್ದ ಮನುಷ್ಯ. ಜಲಾಂತರ್ಗಾಮಿಗಳು ಹೇಗೆ ಹೊಡೆಯುತ್ತಿವೆ ಎಂದು ಕಂಡುಹಿಡಿದು, ಅವನ್ನು ಮುಳುಗಿಸುವ ದಾರಿ ಹೇಳುವುದು ಅವನ ಕೆಲಸ. ಸಿಕ್ಕಿದ್ದು ಕಟ್ಟಡದ ಮೇಲಂತಸ್ತಿನ ಖಾಲಿ ಕೋಣೆಗಳು ಮತ್ತು ಕೆಲವು ಯುವತಿಯರು. ಇವರು ನೌಕಾಪಡೆಯ ಮಹಿಳಾ ವಿಭಾಗದವರು. ಜನ ಅವರನ್ನು ರೆನ್ ಎನ್ನುತ್ತಿದ್ದರು. ಬಹುತೇಕರು ಇಪ್ಪತ್ತರ ಆಸುಪಾಸಿನವರು. ಜೀನ್ ಲೇಡ್‌ಲಾ, ಜಾನೆಟ್ ಓಕೆಲ್ ಎಂಬ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ಸಮುದ್ರ ಯುದ್ಧ ಕಂಡವರು ಅವರಲ್ಲಿ ಇರಲಿಲ್ಲ. ಆದರೆ ಲೆಕ್ಕ ಬಲ್ಲವರು, ತಾಳ್ಮೆ ಇದ್ದವರು.

ಪರದೆ, ಹಸಿರು ಸೀಮೆಸುಣ್ಣ, ಎರಡು ನಿಮಿಷ

ಕೋಣೆಯ ನೆಲವನ್ನೇ ಸಮುದ್ರ ಮಾಡಿದರು. ನೆಲದ ಮೇಲೆ ಗೆರೆಗಳು, ಗೆರೆಗಳ ನಡುವೆ ಮರದ ಪುಟ್ಟ ಹಡಗುಗಳು. ಸುತ್ತ ಬಟ್ಟೆಯ ಪರದೆ. ಆಡಲು ಬಂದ ಅಧಿಕಾರಿ ಪರದೆಯ ಹಿಂದೆ ಕೂರಬೇಕು. ಪರದೆಯಲ್ಲಿ ಸಣ್ಣ ಕಿಂಡಿ. ನಿಜವಾದ ಹಡಗಿನ ಮೇಲಿಂದ ರಾತ್ರಿ ಎಷ್ಟು ಕಾಣುತ್ತದೋ ಅಷ್ಟೇ ಆ ಕಿಂಡಿಯಿಂದ ಕಾಣಬೇಕು.

ಕಾವಲು ಹಡಗು ಹೋದ ದಾರಿಯನ್ನು ಬಿಳಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಯು-ಬೋಟ್ ಹೋದ ದಾರಿಗೆ ಹಸಿರು. ಕಂದು ಬಣ್ಣದ ನೆಲದ ಮೇಲೆ ಹಸಿರು ಗೆರೆ ಕಿಂಡಿಯಿಂದ ನೋಡುವವನಿಗೆ ಕಾಣುತ್ತಿರಲಿಲ್ಲ. ನೆಲದ ಮೇಲೆ ಬಗ್ಗಿ ಗೆರೆ ಎಳೆಯುವ ರೆನ್‌ಗಳಿಗೆ ಮಾತ್ರ ಕಾಣುತ್ತಿತ್ತು.

ಪ್ರತಿ ನಡೆಗೆ ಎರಡು ನಿಮಿಷ. ಅಷ್ಟರೊಳಗೆ ಅಧಿಕಾರಿ ಯಾವ ಕಡೆ ತಿರುಗಬೇಕು, ಎಷ್ಟು ವೇಗ ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ತಡ ಮಾಡಿದರೆ ಸಮುದ್ರ ಕಾಯುವುದಿಲ್ಲ, ಇಲ್ಲೂ ಕಾಯುತ್ತಿರಲಿಲ್ಲ. ಆಟ ಮುಗಿದ ಮೇಲೆ ಪರದೆ ಸರಿಸಿ ಎಲ್ಲರನ್ನೂ ನೆಲದ ಹತ್ತಿರ ಕರೆಯುತ್ತಿದ್ದರು. ಆಗ ಹಸಿರು ಗೆರೆ ಕಾಣುತ್ತಿತ್ತು. ಶತ್ರು ನನ್ನ ಬೆನ್ನ ಹಿಂದೆಯೇ ಹಾದುಹೋದ ಎಂದು ತಾನೇ ಕಣ್ಣಾರೆ ನೋಡಿದವನಿಗೆ ಮತ್ತೆ ಯಾರೂ ಭಾಷಣ ಮಾಡಬೇಕಾಗಿರಲಿಲ್ಲ.

ಇದೇ ನೆಲದ ಮೇಲೆ ಅವರು ಮೊದಲು ಮಾಡಿದ್ದು ಹಳೇ ಯುದ್ಧವನ್ನು ಮತ್ತೆ ಆಡಿದ್ದು. 1941ರ ಡಿಸೆಂಬರ್‌ನಲ್ಲಿ ಜಿಬ್ರಾಲ್ಟರ್‌ನಿಂದ ಬ್ರಿಟನ್ ಕಡೆ ಹೊರಟ ಒಂದು ಕಾನ್ವಾಯ್ ಮೇಲೆ ದಾಳಿ ಆಗಿತ್ತು. ಹಿಂಡಿನ ನಡುವಿನ ಹಡಗಿಗೇ ಟಾರ್ಪಿಡೋ ತಾಗಿತ್ತು. ಹೊರಗಿನಿಂದ ಹೊಡೆದರೆ ನಡುವಿನ ಹಡಗಿಗೆ ಹೇಗೆ ತಾಗಿತು? ದೂರ, ವೇಗ, ಸಮಯ ಎಲ್ಲ ಲೆಕ್ಕ ಹಾಕಿ ಆಡಿದಾಗ ಉತ್ತರ ಸಿಕ್ಕಿತು. ಯು-ಬೋಟ್ ಹೊರಗಿರಲಿಲ್ಲ. ಕತ್ತಲಲ್ಲಿ ನೀರಿನ ಮೇಲೆಯೇ ತೇಲುತ್ತಾ ಹಿಂದಿನಿಂದ ಬಂದು ಹಿಂಡಿನ ಒಳಗೇ ಹೊಕ್ಕಿತ್ತು. ಹೊಡೆದ ಮೇಲೆ ಮುಳುಗಿ, ಕಾನ್ವಾಯ್ ಮುಂದೆ ಹೋಗುವವರೆಗೆ ಕೆಳಗೇ ಇದ್ದು, ಹಿಂದಿನಿಂದ ತಪ್ಪಿಸಿಕೊಳ್ಳುತ್ತಿತ್ತು. ಕಾವಲು ಹಡಗುಗಳೋ ಹೊರಗಡೆಗೆ ಓಡಿ ಓಡಿ ಹುಡುಕುತ್ತಿದ್ದವು.

ಕಳ್ಳ ಮನೆಯೊಳಗಿದ್ದರೆ ಹೊಲದಲ್ಲಿ ಹುಡುಕಿದಂತೆ.

ಹಾಗಾಗಿ ಹೊಸ ತಂತ್ರ ಮಾಡಿದರು. ಹಡಗಿಗೆ ಏಟು ಬಿದ್ದ ಕೂಡಲೇ ಕಾವಲು ಹಡಗುಗಳು ಹೊರಗೆ ಓಡದೆ, ಕಾನ್ವಾಯ್ ಹಿಂಬದಿಗೆ ಬಂದು, ನೀರಿನಡಿಯ ಸದ್ದು ಹಿಡಿಯುವ ಯಂತ್ರದಿಂದ ಸಾಲಾಗಿ ಶೋಧಿಸಬೇಕು. ಇದಕ್ಕೆ ರಾಸ್‌ಬೆರಿ ಎಂದು ಹೆಸರಿಟ್ಟವಳು ಜೀನ್ ಲೇಡ್‌ಲಾ. ಇಂಗ್ಲಿಷ್ ಆಡುಮಾತಿನಲ್ಲಿ ಅದರರ್ಥ ತುಟಿಯಿಂದ ಸದ್ದು ಮಾಡಿ ಅಣಕಿಸುವುದು. ಅಣಕ ಹಿಟ್ಲರನಿಗೆ.

ಅಡ್ಮಿರಲ್ ಸೋತ, ಸೋಲು ಒಪ್ಪಿದ

ಮೊದಮೊದಲು ದೊಡ್ಡ ಅಧಿಕಾರಿಗಳಿಗೆ ನಂಬಿಕೆ ಇರಲಿಲ್ಲ. ಆದರೆ ಲಿವರ್‌ಪೂಲ್ ಕಮಾಂಡ್‌ನ ಮುಖ್ಯಸ್ಥ ಅಡ್ಮಿರಲ್ ಪರ್ಸಿ ನೋಬಲ್ ಬಂದು ಆಟ ನೋಡಿದರು, ಒಪ್ಪಿದರು, ಹೊಸ ತಂತ್ರವನ್ನು ಹಡಗುಗಳಿಗೆ ಕಳಿಸಲು ಹೇಳಿದರು.

1942ರ ನವೆಂಬರ್‌ನಲ್ಲಿ ಅವರ ಜಾಗಕ್ಕೆ ಮ್ಯಾಕ್ಸ್ ಹಾರ್ಟನ್ ಬಂದರು. ಮೊದಲ ಮಹಾಯುದ್ಧದಲ್ಲಿ ಸ್ವತಃ ಜಲಾಂತರ್ಗಾಮಿ ನಡೆಸಿ ಹೆಸರು ಮಾಡಿದವರು. ನಾನೇ ಯು-ಬೋಟ್ ಆಡುತ್ತೇನೆ ಎಂದು ಕೂತರು. ಎದುರು ಪರದೆಯ ಹಿಂದೆ ಯಾರೋ ಕಾವಲು ಹಡಗು ನಡೆಸುತ್ತಿದ್ದರು. ಹಾರ್ಟನ್ ಐದು ಸಲ ಆಡಿ ಐದೂ ಸಲ ಸೋತರು ಎಂದು ಈ ಕಥೆಯನ್ನು ಹೇಳುತ್ತಾರೆ. ಎದುರಾಳಿ ಯಾರು ಎಂದು ನೋಡಿದರೆ ಜಾನೆಟ್ ಓಕೆಲ್, ಇಪ್ಪತ್ತರ ಆಸುಪಾಸಿನ ಹುಡುಗಿ.

ಹಾರ್ಟನ್ ಸಿಡುಕಿದರೂ ಶಾಲೆಯನ್ನು ಮುಚ್ಚಿಸಲಿಲ್ಲ. ಅದಕ್ಕೆ ಬೆಂಬಲ ಕೊಟ್ಟರು. ವಾರಕ್ಕೊಂದು ತಂಡದಂತೆ, ಸುಮಾರು ಆರು ದಿನದ ಕೋರ್ಸು. ಯುದ್ಧ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ 5,000 ಅಧಿಕಾರಿಗಳು ಆ ನೆಲದ ಮೇಲೆ ಕಲಿತರು. ಅನುಭವಿ ಕ್ಯಾಪ್ಟನ್‌ಗಳೂ ಬಂದರು, ಗಡ್ಡ ಸರಿಯಾಗಿ ಮೂಡದ ಕಿರಿಯರೂ ಬಂದರು.

1943ರ ಮೇ ತಿಂಗಳೊಂದರಲ್ಲೇ ಜರ್ಮನಿ 41 ಯು-ಬೋಟ್‌ಗಳನ್ನು ಕಳೆದುಕೊಂಡಿತು. ಅವರ ಅಡ್ಮಿರಲ್ ಡೋನಿಟ್ಸ್ ಉಳಿದವನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿದ. ಈ ಗೆಲುವಿಗೆ ಆಟವೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ರೇಡಾರ್ ಬಂದಿತ್ತು, ದೂರ ಹಾರುವ ವಿಮಾನ ಬಂದಿತ್ತು, ಜರ್ಮನ್ನರ ಗುಪ್ತ ಸಂದೇಶಗಳನ್ನು ಓದುವುದೂ ಸಾಧ್ಯವಾಗಿತ್ತು. ಆದರೆ ಯಂತ್ರ ಬಂದಾಗ ಅದನ್ನು ಒಟ್ಟಾಗಿ ಹೇಗೆ ಬಳಸಬೇಕು ಎಂದು ಗೊತ್ತಿದ್ದ ಅಧಿಕಾರಿಗಳು ಬೇಕಿತ್ತು. ಅವರು ತಯಾರಾದದ್ದು ಆ ಕೋಣೆಯಲ್ಲಿ.

ಮುಳುಗಿದ ಹಡಗನ್ನು ಮೇಲೆತ್ತಿದವರು

ಅದೇ 1942ರಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಆಟ ನಡೆಯಿತು. ಜಪಾನಿನ ಭಾರೀ ಯುದ್ಧನೌಕೆ ಯಮಾಟೊ ಮೇಲೆ, ಮೇ ತಿಂಗಳ ಮೊದಲ ದಿನಗಳಲ್ಲಿ. ಮಿಡ್‌ವೇ ಎಂಬ ದ್ವೀಪದ ಮೇಲೆ ದಾಳಿ ಮಾಡುವ ಯೋಜನೆಯನ್ನು ಮೇಜಿನ ಮೇಲೆ ಆಡಿ ನೋಡುತ್ತಿದ್ದರು.

ಆಟದಲ್ಲಿ ಅಮೆರಿಕದ ವಿಮಾನಗಳು ಜಪಾನಿನ ವಿಮಾನವಾಹಕ ಹಡಗುಗಳ ಮೇಲೆ ದಾಳಿ ಮಾಡಿದವು. ತೀರ್ಪುಗಾರ ದಾಳ ಉರುಳಿಸಿದ. ಒಂಬತ್ತು ಬಾಂಬು ತಾಗಿವೆ, ಅಕಾಗಿ ಮತ್ತು ಕಾಗಾ ಎಂಬ ಎರಡು ಹಡಗು ಮುಳುಗಿವೆ ಎಂದು ಲೆಕ್ಕ ಬಂತು. ಆಟದ ಉಸ್ತುವಾರಿ ವಹಿಸಿದ್ದ ಅಡ್ಮಿರಲ್ ಉಗಾಕಿ ಒಪ್ಪಲಿಲ್ಲ. ಒಂಬತ್ತಲ್ಲ, ಮೂರೇ ಎಂದರು. ಅಕಾಗಿ ಉಳಿಯಿತು. ಮುಳುಗಿದ ಕಾಗಾ ಕೂಡ ಆಟದ ಮುಂದಿನ ಭಾಗದಲ್ಲಿ ಮತ್ತೆ ಮೇಲೆದ್ದು ಬಂತು. ಆಟದಲ್ಲಿದ್ದ ಜಪಾನಿ ಅಧಿಕಾರಿಗಳೇ ಯುದ್ಧದ ನಂತರ ಇದನ್ನು ಬರೆದಿದ್ದಾರೆ.

ಒಂದು ತಿಂಗಳ ನಂತರ, 1942ರ ಜೂನ್ 4ರಂದು, ನಿಜವಾದ ಮಿಡ್‌ವೇ ಯುದ್ಧ. ಅಮೆರಿಕದ ಬಾಂಬರ್‌ಗಳು ಬಂದವು. ಅಕಾಗಿ, ಕಾಗಾ ಅಷ್ಟೇ ಅಲ್ಲ, ಸೊರ್ಯು, ಹಿರ್ಯು ಸೇರಿ ನಾಲ್ಕೂ ವಿಮಾನವಾಹಕಗಳು ಹೋದವು. ಈ ಸಲ ಯಾರೂ ಅವನ್ನು ಮೇಲೆತ್ತಲಾಗಲಿಲ್ಲ.

ದಾಳ ಭವಿಷ್ಯ ಹೇಳಿತ್ತು ಎಂದು ತಿಳಿಯಬೇಡಿ. ದಾಳಕ್ಕೆ ಭವಿಷ್ಯ ಗೊತ್ತಿರುವುದಿಲ್ಲ. ಆದರೆ ಅದು ಒಂದು ಪ್ರಶ್ನೆ ಎತ್ತಿತ್ತು. ನಾವು ದ್ವೀಪದ ಮೇಲೆ ದಾಳಿ ಮಾಡುತ್ತಿರುವಾಗ ಅಮೆರಿಕದವರು ನಮ್ಮ ಹಡಗುಗಳ ಮೇಲೆ ಬಂದರೆ ಏನು ಗತಿ? ಆ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಲೆಕ್ಕವನ್ನೇ ತಿದ್ದಿದರು.

ಲಿವರ್‌ಪೂಲ್‌ನಲ್ಲೂ ಆಟ, ಯಮಾಟೊ ಮೇಲೂ ಆಟ. ಒಂದು ಕಡೆ ಅಡ್ಮಿರಲ್ ಹುಡುಗಿಯ ಎದುರು ಸೋಲು ನುಂಗಿಕೊಂಡ. ಇನ್ನೊಂದು ಕಡೆ ಸೋಲನ್ನು ಅಳಿಸಿಹಾಕಿದರು. ಆಟದ ಬೆಲೆ ಇರುವುದು ಮಾದರಿ ಹಡಗಿನಲ್ಲೂ ಅಲ್ಲ, ಈಗಿನ ಕಂಪ್ಯೂಟರ್‌ನಲ್ಲೂ ಅಲ್ಲ. ಹಿರಿಯರಿಗೆ ಬೇಡವಾದ ಫಲಿತಾಂಶ ಬಂದಾಗಲೂ ಅದನ್ನು ಹಾಗೇ ಉಳಿಸಿಕೊಳ್ಳುವುದರಲ್ಲಿ ಇದೆ.

ನಮ್ಮ ನೌಕಾಪಡೆ, ನಮ್ಮ ಮಕ್ಕಳು

ಇದು ಯಾರದೋ ದೇಶದ ಹಳೇ ಕಥೆ ಎಂದು ಬಿಡುವಂತಿಲ್ಲ. 1971ರ ಯುದ್ಧದಲ್ಲಿ ನಮ್ಮ ನೌಕಾಪಡೆ ಕರಾಚಿ ಬಂದರಿಗೆ ಬೆಂಕಿ ಇಟ್ಟು ಬಂದದ್ದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ, ಗುಜರಾತ್ ಕರಾವಳಿಯ ದಿಯು ಬಳಿ ಐಎನ್‌ಎಸ್ ಖುಕ್ರಿ ಹಡಗನ್ನು ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗಿನ ಜತೆಗೇ ನೀರಿಗಿಳಿದ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರಿಗೆ ಮಹಾವೀರ ಚಕ್ರ ಸಿಕ್ಕಿತು. ನೀರಿನಡಿಯ ಕಾಣದ ಶತ್ರು ಎಂದರೆ ಏನು ಎಂಬುದಕ್ಕೆ ಆ 194 ಮನೆಗಳಿಗಿಂತ ದೊಡ್ಡ ಸಾಕ್ಷಿ ಬೇಡ.

ಭಾರತದ ನೌಕಾ ಯುದ್ಧ ಕಾಲೇಜು 1988ರಲ್ಲಿ ಮುಂಬೈ ಬಳಿಯ ಕರಂಜಾದಲ್ಲಿ ಶುರುವಾಗಿ, 2011ರಲ್ಲಿ ಗೋವಾಕ್ಕೆ ಬಂತು. ಕಾರವಾರದಿಂದ ಅದು ಕೆಲವೇ ತಾಸಿನ ದಾರಿ. 2024ರ ಮಾರ್ಚ್‌ನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆಯಾಯಿತು, ಹೆಸರು ಚೋಳ. ಕಿರಿಯ ಅಧಿಕಾರಿಗಳ ತರಬೇತಿ ಶುರುವಾಗುವುದು ಕೇರಳದ ಎಳಿಮಲದಲ್ಲಿ, ನಮ್ಮ ಕನ್ನಡಿಗರ ಕಾಸರಗೋಡಿನಿಂದ ಸ್ವಲ್ಪ ಕೆಳಗೆ. ಅಲ್ಲಿನ ನೌಕಾ ಅಕಾಡೆಮಿ 2009ರಲ್ಲಿ ಉದ್ಘಾಟನೆಯಾಯಿತು.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಎನ್‌ಡಿಎ ಬಾಗಿಲು ಸುಪ್ರೀಂ ಕೋರ್ಟ್ ಆದೇಶದ ನಂತರ 2022ರಲ್ಲಿ ಹುಡುಗಿಯರಿಗೂ ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಯುವತಿಯರು ಅಲ್ಲಿಂದ ಹೊರಬಂದರು. ಲಿವರ್‌ಪೂಲ್‌ನ ಹುಡುಗಿಯರು ನೆಲದ ಮೇಲೆ ಯುದ್ಧ ಗೆದ್ದರು, ಹಡಗು ಏರಲು ಅವರಿಗೆ ಅವಕಾಶ ಇರಲಿಲ್ಲ. ನಿಮ್ಮ ಮಗಳಿಗೆ ಇದೆ.

ನಮ್ಮ ಕಟ್ಟೆಯ ಮೇಲೆ ಒಂದು ಆಟ

ಈ ಆಟ ಆಡಲು ಅಕಾಡೆಮಿ ಬೇಕಿಲ್ಲ. ಶಾಲೆಯ ಮೇಷ್ಟ್ರು ಮನಸ್ಸು ಮಾಡಿದರೆ ಸಾಕು. ನೆಲದ ಮೇಲೆ ಚೌಕಗಳ ಗೆರೆ, ನಡುವೆ ಒಂದು ಪಂಚೆಯ ಪರದೆ, ಎರಡು ಬಣ್ಣದ ಸೀಮೆಸುಣ್ಣ, ಎರಡು ತಂಡ. ಪ್ರತಿ ನಡೆಗೆ ಎರಡು ನಿಮಿಷ, ಚೀಟಿಯಲ್ಲಿ ಬರೆದು ಕೊಡಬೇಕು. ಒಬ್ಬ ತೀರ್ಪುಗಾರ, ಬೇಕಿದ್ದರೆ ಚೌಕಾಬಾರದ ಕವಡೆ. ಕೊನೆಗೆ ಪರದೆ ಸರಿಸಿ ಎಲ್ಲರೂ ಗೆರೆ ನೋಡಬೇಕು. ಈ ಕೊನೆಯ ಭಾಗ ಬಿಟ್ಟರೆ ಪಾಠವೇ ಇಲ್ಲ.

ಹಡಗು ಬೇಡವೆಂದರೆ ಹೊಳೆಯನ್ನೇ ಆಡಿ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗಿಂತ ಹೆಚ್ಚು ನೀರು ಬಿಟ್ಟಾಗ ಕೆಳಗಿನ ಊರುಗಳ ಪಾಡು ಏನಾಯಿತು ಎಂದು ನಮಗೆ ಗೊತ್ತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಪ್ರವಾಹ, ಭೂಕಂಪದ ತಾಲೀಮಿಗೆ ಮೊದಲು ಮೇಜಿನ ಮೇಲೆಯೇ ಆಡಿಸುತ್ತದೆ. ಅದಕ್ಕೆ ಟೇಬಲ್‌ಟಾಪ್ ಎಕ್ಸರ್‌ಸೈಜ್ ಎನ್ನುತ್ತಾರೆ. ರಾತ್ರಿ ಎರಡಕ್ಕೆ ನೀರು ಬಂತು, ರಸ್ತೆ ಕಡಿಯಿತು, ದೋಣಿ ಒಂದೇ ಇದೆ, ದನಕರು ಎಲ್ಲಿಗೆ, ಬಾಣಂತಿ ಎಲ್ಲಿಗೆ? ಎರಡು ನಿಮಿಷದಲ್ಲಿ ಬರೆಯಿರಿ ಎಂದರೆ ನಮ್ಮ ತಯಾರಿ ಎಷ್ಟಿದೆ ಎಂದು ತಿಳಿಯುತ್ತದೆ.

ಆ ಆಟಕ್ಕೆ ಅಂಬಿಗರನ್ನೂ ಕರೆಯಿರಿ, ಆಶಾ ಕಾರ್ಯಕರ್ತೆಯರನ್ನೂ ಕರೆಯಿರಿ. ಸಾಹೇಬರೇ, ಈ ದಾರಿಯಲ್ಲಿ ಹೋದರೆ ಟ್ರ್ಯಾಕ್ಟರ್ ಮುಳುಗುತ್ತದೆ ಎಂದು ಅವರು ಹೇಳಿದರೆ ಅದನ್ನು ಬರೆದುಕೊಳ್ಳಿ. ಮುಳುಗಿದ ಟ್ರ್ಯಾಕ್ಟರನ್ನು ಕೈಯಿಂದ ಎತ್ತಿ ದಡಕ್ಕೆ ಇಟ್ಟು ಆಟ ಮುಂದುವರಿಸಬೇಡಿ.